ನಕ್ಷತ್ರವಿಲ್ಲದ ಚಿತ್ರ

ವೀಕ್ಷಣಾಲಯ
ಮಾರ್ಚ್ 9, ಸೋಮವಾರ

ಪ್ರೀತಿಯ ಗೂಬೆಯವರಿಗೆ,

ಹಗಲೆಲ್ಲ ಮಲಗುವ ಅಳಿಯನಿಗೆ ಅಪ್ಪ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಬೇರೇನು ಬರೆದರೂ ಕಚೇರಿಯ ಪತ್ರದಂತೆ ಕಾಣುತ್ತಿತ್ತು.

ಮೊದಲು ಕೆಲಸದ ವಿಷಯ. ಎರಡು ವರ್ಷದ ಹಿಂದೆ ಸಿಡಿದ ನಮ್ಮ ನಕ್ಷತ್ರ ಈಗ ಆರಿಹೋಗಿದೆ. ಇನ್ನು ಆ ಜಾಗದ ಖಾಲಿ ಚಿತ್ರ ಬೇಕು. ನಿಮಗೆ ಹೇಳಬೇಕಿಲ್ಲ, ಅಂದಿನ ಚಿತ್ರಗಳಲ್ಲಿ ನಕ್ಷತ್ರದ ಬೆಳಕಿನ ಜೊತೆ ಅದು ಇದ್ದ ಗೆಲಾಕ್ಸಿಯ ಬೆಳಕೂ ಬೆರೆತಿದೆ. ಖಾಲಿ ಚಿತ್ರದಿಂದ ಗೆಲಾಕ್ಸಿಯ ಪಾಲು ತಿಳಿದು, ಅದನ್ನು ಕಳೆದರೆ ತಾನೆ ನಕ್ಷತ್ರ ಎಷ್ಟು ಬೆಳಗಿತ್ತೆಂದು ತಿಳಿಯುವುದು. ಅದೇ ಕ್ಯಾಮೆರಾದಲ್ಲೇ ತೆಗೆಯಬೇಕು, ಅದರ ಹದ ನಿಮಗೆ ಗೊತ್ತಿರುವಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಏಪ್ರಿಲ್ ಹೊತ್ತಿಗೆ ಆ ಗೆಲಾಕ್ಸಿ ಸೂರ್ಯನ ಮರೆಗೆ ಸರಿಯುತ್ತದೆ. ಈ ತಿಂಗಳೇ ಒಮ್ಮೆ ಬಂದು ಹೋಗಿ.

ಇಷ್ಟು ಹತ್ತಿರದಲ್ಲಿ ಇಂಥ ನಕ್ಷತ್ರ ಸಿಡಿಯುವುದು ನಮ್ಮ ಆಯಸ್ಸಿನಲ್ಲಿ ಒಂದೋ ಎರಡೋ ಸಲ. ಹತ್ತಿರದ್ದನ್ನು ಸರಿಯಾಗಿ ಅಳೆದಿಟ್ಟರೆ, ಅಷ್ಟೇ ಬೆಳಗುವ ಅದೇ ಜಾತಿಯ ದೂರದ ನಕ್ಷತ್ರ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದಲೇ ಅದರ ದೂರ ಹೇಳಬಹುದು. ಸಿಡಿದ ನಕ್ಷತ್ರ ಅತಿ ಹೆಚ್ಚು ಬೆಳಗುವುದು ಕೆಲವೇ ದಿನ. ನನಗೂ ಅದು ಗೊತ್ತಿತ್ತು. ಆ ದಿನಗಳಲ್ಲೇ ಊರಿನಲ್ಲಿ ಅಪ್ಪ ಆಸ್ಪತ್ರೆ ಸೇರಿದರು, ಈಗಲೇ ಬನ್ನಿ ಎಂದು ಅಲ್ಲಿಂದ ನಾನು ಫೋನಿನಲ್ಲಿ ಅತ್ತೆ.

ನಿಮ್ಮ ಬದಲಿಗೆ ನಿಲ್ಲುವವರು ಯಾರೂ ಇರಲಿಲ್ಲ. ದೂರದರ್ಶಕ ಮುಚ್ಚಿ, ದಿನವಿಡೀ ಬಸ್ಸಿನಲ್ಲಿ ಕೂತು ಬಂದಿರಿ. ಅಷ್ಟರಲ್ಲಿ ಅಪ್ಪ ಎದ್ದು ಕೂತು ಪೇಪರ್ ಓದುತ್ತಿದ್ದರು. ಕನ್ನಡಕದ ಮೇಲಿಂದ ನೋಡಿ, "ಏನ್ ಅಳಿಯಂದ್ರೆ, ಆಕಾಶಕ್ಕೆ ರಜಾನಾ?" ಅಂದರು. ನರ್ಸ್ ಕೂಡ ನಕ್ಕಳು. ನೀವು ನಗಲಿಲ್ಲ.

ವಾಪಸ್ ಹೋಗುವಷ್ಟರಲ್ಲಿ ನಕ್ಷತ್ರ ಮಂಕಾಗತೊಡಗಿತ್ತು. ನೀವು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಊಟ ಆಯಿತಾ, ಬೀಗ ಹಾಕಿದೆಯಾ ಎನ್ನುವಷ್ಟಕ್ಕೆ ನಮ್ಮ ಮಾತು ಇಳಿಯಿತು. ನೀವು ಬೇರೆ ಊರಿನಲ್ಲಿ ಕೆಲಸ ಒಪ್ಪಿಕೊಂಡ ಸುದ್ದಿಯನ್ನು ನಿಮ್ಮ ತಂಗಿ ಹೇಳಬೇಕಾಯಿತು. ಹೊರಡುವ ದಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, "ನಾನು ಹೋಗ್ಲಾ?" ಅಂತ ಕೇಳಿದಿರಿ.

"ನಿಮ್ಮಿಷ್ಟ" ಅಂದೆ. ಅದು ನನ್ನಿಷ್ಟವಾಗಿರಲಿಲ್ಲ.

ನಮಗೆ ತಪ್ಪಿದ ದಿನಗಳ ಚಿತ್ರಗಳನ್ನು ಈಗ ಬೇರೆ ದೇಶದ ತಂಡವೊಂದು ಕೊಟ್ಟಿದೆ. ನಮ್ಮವುಗಳ ಜೊತೆ ಸೇರಿಸಿದರೆ ಅಳತೆ ಪೂರ್ತಿಯಾಗುತ್ತದೆ. ಇದರ ಬಗ್ಗೆ ಬರೆಯುವ ಪ್ರಬಂಧದಲ್ಲಿ ನಿಮ್ಮ ಹೆಸರೇ ಮೊದಲು, ಅದರಲ್ಲಿ ಯಾರ ತಕರಾರೂ ಇಲ್ಲ. ಆದರೂ ಅದು ಅಷ್ಟು ಬೆಳಗಿದ್ದಾಗ ನೀವೇ ನೋಡಬೇಕಿತ್ತು.

ಅಪ್ಪ ಆರೋಗ್ಯವಾಗಿದ್ದಾರೆ. ಗೂಬೆ ಯಾವಾಗ ಬರ್ತಾನೆ ಎಂದು ವರ್ಷವಿಡೀ ಕೇಳುತ್ತಿದ್ದರು. ಈಚೆಗೆ ಕೇಳುವುದನ್ನು ಬಿಟ್ಟಿದ್ದಾರೆ. ಅದೇ ನನಗೆ ಹೆಚ್ಚು ಕಷ್ಟವಾಗಿದೆ.

ದಾಖಲೆಗಳ ಪ್ರಕಾರ ಇನ್ನೂ
ನಿಮ್ಮ ಹೆಂಡತಿ

ತಾ.ಕ.: ಖಾಲಿ ಚಿತ್ರವನ್ನು ಹೋದ ವಾರವೇ ತೆಗೆದಾಯಿತು. ಚೆನ್ನಾಗಿಯೇ ಬಂದಿದೆ. ಇಲ್ಲಿ ನಿಮ್ಮಿಂದ ಆಗಬೇಕಾದ ಕೆಲಸ ಯಾವುದೂ ಉಳಿದಿಲ್ಲ. ಆದರೂ ಬನ್ನಿ.