ತೊಟ್ಟಿಲಿಗೆ ಹಿಡಿಸದ ಸಾಲು

ಮಾರ್ಚ್ ೧೪, ಗುರುವಾರ

ಮಗುವಿನ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೋ ತೋಚಲಿಲ್ಲ. ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸಬೇಕಾಗಿಲ್ಲ. ಬಹುಮಾನ ಬಂದದ್ದನ್ನು ಪೇಪರಿನಲ್ಲೇ ಓದಿದೆ.

ನಿನ್ನೆ ಟೈಲರ್ ಅಂಗಡಿಗೆ ಅರ್ಧ ದಿನ ರಜೆ ಹಾಕಿ ನಿಮ್ಮ ಪ್ರದರ್ಶನಕ್ಕೆ ಬಂದೆ. ಮರದ ಕುರಿತ ಬರಹದ ಸಾಲುಗಳನ್ನೇ ಮರದ ಆಕಾರಕ್ಕೆ, ಮೀನಿನ ಕುರಿತವನ್ನು ಮೀನಿನ ಆಕಾರಕ್ಕೆ ಜೋಡಿಸಿದ್ದೀರಿ. ಚೆನ್ನಾಗಿವೆ, ಸುಳ್ಳು ಹೇಳುವುದಿಲ್ಲ. ಬಹುಮಾನ ಬಂದ ತೊಟ್ಟಿಲಿನ ಚಿತ್ರದ ಮುಂದೆ ಜನ ಮುತ್ತಿಕೊಂಡಿದ್ದರು. "ಅಯ್ಯೋ, ಎಷ್ಟ್ ಮುದ್ದಾಗಿದೆ ನೋಡೇ!" ಎಂದು ಒಬ್ಬಳು ಗೆಳತಿಯನ್ನು ಎಳೆದು ತಂದಳು. ನಾನೂ ಕತ್ತು ಚಾಚಿ ಓದಿದೆ. ಮೂರನೇ ಸಾಲಿಗೇ ಗುರುತು ಸಿಕ್ಕಿತು.

ಅದು ನನ್ನ ಕಾಗದ. ಎಂಟು ವರ್ಷದ ಹಿಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ನಿಮಗೆ ಬರೆದದ್ದು. ಮಗು ಅಳಲೇ ಇಲ್ಲ, ಬೆರಳು ನಿಮ್ಮ ಹಾಗೇ ಉದ್ದ, ಎದೆಹಾಲು ಮಾತ್ರ ನಿಲ್ಲುತ್ತಿಲ್ಲ... ಒಬ್ಬರಿಗಷ್ಟೇ ಹೇಳುವ ಮಾತು. ಅದೆಲ್ಲ ತೊಟ್ಟಿಲಿನ ಹಗ್ಗವಾಗಿ, ಅಂಚಾಗಿ ಗೋಡೆಯ ಮೇಲೆ ನೇತಾಡುತ್ತಿತ್ತು. ಕೆಳಗೆ ನಿಮ್ಮ ಹೆಸರು.

ಬಟ್ಟೆ ಕತ್ತರಿಸಿ ಬದುಕುವವಳು ನಾನು. ಕತ್ತರಿ ಎಲ್ಲಿ ಬಿದ್ದಿದೆ ಎಂಬುದು ನನಗೆ ಬೇಗ ಕಾಣುತ್ತದೆ. ಕೊನೆಯ ಸಾಲೇ ಇರಲಿಲ್ಲ. ಯಾರಿಗೋ ವಿವರಿಸುತ್ತಿದ್ದ ನೀವು ನನ್ನನ್ನು ಕಂಡು ಬಿಳಿಚಿಕೊಂಡಿರಿ. ಆ ಸಾಲೆಲ್ಲಿ ಎಂದು ಕೇಳಿದೆ. "ಮೆಲ್ಲಗೆ ಮಾತಾಡೇ... ಅದು ಆಕಾರಕ್ಕೆ ಹೊಂದ್ಲಿಲ್ಲ, ತೊಟ್ಟಿಲು ಸೊಟ್ಟಗಾಗ್ತಿತ್ತು" ಎಂದಿರಿ.

ಹೊಲಸು ತುಳಿದ ಹಾಗಾಯಿತು. ನಿಮ್ಮ ಮೇಲಷ್ಟೇ ಅಲ್ಲ, ನಂಬಿ ಆ ಕಾಗದ ಕಳಿಸಿದ ನನ್ನ ಮೇಲೂ ಅಸಹ್ಯ. ಚಿತ್ರಕ್ಕೆ ಗಾಜು ಹಾಕಿರಲಿಲ್ಲ. ನೀವು ಕತ್ತರಿಸಿದ್ದನ್ನು ನಿಮ್ಮ ಹೆಸರಿನ ಮೇಲೇ ಪೆನ್ನಿನಿಂದ ಬರೆದೆ: "ಮೂರು ದಿನ ಹೇಳಿ ಕಳಿಸಿದೆ. ನೀವು ಬರಲಿಲ್ಲ. ಮಣ್ಣಿಗಿಡುವ ಮೊದಲು ಮಗುವಿನ ಮುಖ ಕೂಡ ನೋಡಲಿಲ್ಲ." ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡಿಕೊಂಡೆ.

ಪೊಲೀಸರಿಗೆ ಹೇಳುವುದಾದರೆ ಹೇಳಿ. ನನ್ನ ಕಾಗದ ಮಾತ್ರ ಟಪಾಲಿನಲ್ಲಿ ವಾಪಸು ಬರಬೇಕು. ನೀವು ತಂದುಕೊಡುವುದು ಬೇಡ.

ಇಂತಿ,
ಅದನ್ನು ಬರೆದವಳು

ಮರೆತಿದ್ದೆ: ಜನರ ನಡುವೆ ನನ್ನ ಕೈಗೆ ಪೆನ್ನು ತುರುಕಿ "ಬರಿಯಮ್ಮ, ದಪ್ಪಗೆ ಬರಿ" ಎಂದವರು ನಿಮ್ಮ ತಾಯಿ. ಅವರನ್ನು ಹುಡುಕಬೇಡಿ, ನನ್ನ ಮನೆಯಲ್ಲಿದ್ದಾರೆ. ಅಂದು ನಿಮಗೆ ಸುದ್ದಿಯೇ ಮುಟ್ಟಲಿಲ್ಲ ಎಂದು ಎಂಟು ವರ್ಷ ಕೇಳಿದವರಿಗೆಲ್ಲ ನಿಮ್ಮ ಪರವಾಗಿ ಸುಳ್ಳು ಹೇಳಿದರಂತೆ. ಇನ್ನು ಆಗುವುದಿಲ್ಲವಂತೆ.