ಕೊಂಡಿ ಹಾಕಲು ಲಿಂಗರಾಜ್ ಮರೆತಿರಲಿಲ್ಲ

ಸಾರಿಗೆ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಕಳೆದ ಮಾರ್ಚಿನಲ್ಲಿ ತಾವು ಸಹಿ ಮಾಡಿದ ಅಪಘಾತ ವರದಿಯೊಂದರ ನಾಲ್ಕನೆಯ ಸಾಲು ಸುಳ್ಳು. "ಸವಾರನು ತನಗೆ ಒದಗಿಸಿದ್ದ ಸುರಕ್ಷತಾ ಜಾಕೆಟ್ಟಿನ ಕೊಂಡಿಯನ್ನು ಅಜಾಗರೂಕತೆಯಿಂದ ವಾಹನಕ್ಕೆ ಜೋಡಿಸದೆ ಇದ್ದುದೇ ಗಾಯಗಳ ತೀವ್ರತೆಗೆ ಕಾರಣ" ಎಂದು ಅಲ್ಲಿ ಬರೆದಿದೆ. ಆ ಸವಾರನ ಹೆಸರು ಲಿಂಗರಾಜ್. ಆ ಕೊಂಡಿಯನ್ನು ಬಿಚ್ಚಿದವನು ನಾನು. ಇಷ್ಟನ್ನು ಹೇಳಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ತಮ್ಮ ಕಚೇರಿಯ ಟಪಾಲಿಗೆ ಹಾಕಿದರೆ ಇನ್ನೊಂದು ಒಂಬತ್ತು ತಿಂಗಳು ಹಿಡಿದೀತೆಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ನಾನು ಯಶವಂತನಗರದ ಹತ್ತಿರದ ಗಣಿಯೊಂದರಲ್ಲಿ ಸೇಫ್ಟಿ ಆಫೀಸರ್. ಬೋರ್ಡು ಬರೆಸುವುದು, ಹೆಲ್ಮೆಟ್ ಹಂಚಿ ಫೋಟೊ ತೆಗೆಸುವುದು, ವರ್ಷಕ್ಕೊಮ್ಮೆ ತಮ್ಮಂಥವರನ್ನು ಕರೆದು ಹಾರ ಹಾಕುವುದು ನನ್ನ ಕೆಲಸ. ಲಿಂಗರಾಜ್ ನಮ್ಮಲ್ಲಿ ಸ್ಯಾಂಪಲ್ ಒಯ್ಯುತ್ತಿದ್ದವನು. ಅಂದರೆ ಅದಿರಿನ ಮಾದರಿಯನ್ನು ಚಿಕ್ಕ ಚೀಲಗಳಲ್ಲಿ ಕಟ್ಟಿಕೊಂಡು, ಬೈಕಿನ ಮೇಲೆ ಹೊಸಪೇಟೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ ಬರುವವನು, ದಿನಕ್ಕೆ ಎರಡು ಸಲ. ಆ ರಸ್ತೆಯನ್ನು ತಾವೂ ನೋಡಿದ್ದೀರಿ, ಕಾರಿನ ಗಾಜು ಏರಿಸಿಕೊಂಡು. ಗಾಜಿನ ಹೊರಗಿದ್ದವರ ಪದ್ಧತಿ ಬೇರೆ. ಅವರು ಅದಿರಿನ ಕೆಂಪು ಧೂಳಿಗೆಂದು ಒಳ್ಳೆಯ ಅಂಗಿಯ ಮೇಲೆ ಹಳೆಯ ಅಂಗಿಯೊಂದನ್ನು ಹಿಂದುಮುಂದಾಗಿ ತೊಟ್ಟಿರುತ್ತಾರೆ. ಲಾರಿಗಳ ಸಾಲು ಬಂತೆಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಜಿಗಿದಿಳಿದು, ರಸ್ತೆಗೆ ಬೆನ್ನು ಹಾಕಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಸಾಲು ಮುಗಿಯುವ ತನಕ ನಿಲ್ಲುತ್ತಾರೆ. ಯಾವ ಕಾಯಿದೆಯಲ್ಲೂ ಇಲ್ಲದ ಈ ಸಂಚಾರ ನಿಯಮವನ್ನು ಜನ ತಾವೇ ಮಾಡಿಕೊಂಡರು. ಸರ್ಕಾರದ ನಿಯಮ ಇದ್ದದ್ದು ಲಾರಿಗೆ ಎಷ್ಟು ತುಂಬಬೇಕು ಎಂಬುದಕ್ಕೆ. ಅದನ್ನು ಯಾರು ಎಷ್ಟು ಪಾಲಿಸಿದರೆಂದು ತಮಗೆ ನಾನು ಹೇಳಬೇಕೇ?

ಎರಡು ವರ್ಷದ ಹಿಂದೆ ಅದಿರು ಕೊಳ್ಳಲು ಜಪಾನಿನಿಂದ ಮೂವರು ಬಂದಿದ್ದರು. ಹೀಗೆ ಬೆನ್ನು ತಿರುಗಿಸಿ ನಿಂತವರನ್ನು ಕಂಡು ಅವರಲ್ಲೊಬ್ಬ ಹಿರಿಯ ಜೀಪು ನಿಲ್ಲಿಸಲು ಹೇಳಿ, ಬಹಳ ಹೊತ್ತು ನೋಡಿದ. ಊರಿಗೆ ಹೋದ ಮೇಲೆ ನಮಗೊಂದು ಪಾರ್ಸೆಲ್ ಕಳಿಸಿದ. ಒಳಗೊಂದು ತೋಳಿಲ್ಲದ ಕಪ್ಪು ಜಾಕೆಟ್ಟು, ಹೆಬ್ಬೆರಳುದ್ದದ ಮೂರು ಗ್ಯಾಸ್ ಸಿಲಿಂಡರು. ಜಾಕೆಟ್ಟಿನಿಂದ ಇಳಿಬಿದ್ದ ಬಳ್ಳಿಯಂಥ ಹುರಿಯ ಕೊಂಡಿಯನ್ನು ಬೈಕಿನ ಸೀಟಿನ ಕೆಳಗೆ ಸಿಕ್ಕಿಸಬೇಕು. ಸವಾರ ಗಾಡಿಯಿಂದ ಎಗರಿ ಬಿದ್ದರೆ ಬಳ್ಳಿ ಜಗ್ಗುತ್ತದೆ, ಸಿಲಿಂಡರು ಒಡೆದು ಜಾಕೆಟ್ಟಿನೊಳಗೆ ಗಾಳಿ ತುಂಬುತ್ತದೆ, ನೆಲ ಮುಟ್ಟುವ ಮೊದಲೇ ಕುತ್ತಿಗೆ, ಎದೆ, ಬೆನ್ನಿಗೆ ದಿಂಬು ಕಟ್ಟಿದಂತಾಗುತ್ತದೆ. ಒಂದು ಸಿಲಿಂಡರು ಒಂದೇ ಸಲಕ್ಕೆ. ನಮ್ಮ ರಸ್ತೆಯನ್ನು ಅರ್ಧ ಗಂಟೆ ನೋಡಿದ ಪರದೇಶದವನಿಗೆ ಹೊಳೆದದ್ದು ಇಲ್ಲಿಯೇ ಸಂಬಳ ತಿನ್ನುವ ತಮಗೂ ನನಗೂ ಏಕೆ ಹೊಳೆಯಲಿಲ್ಲ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಪಾರ್ಸೆಲ್ಲಿನ ಜೊತೆ ಫೋಟೊ ತೆಗೆಸಿಕೊಂಡೆ.

ಮೊದಲ ಸಿಲಿಂಡರನ್ನು ಕ್ಯಾಂಟೀನಿನಲ್ಲಿ ತೋರಿಕೆಗೆಂದು ಹಾರಿಸಿದೆ, ಮ್ಯಾನೇಜರು ಮಸ್ತ್ ಅಂದರು. ಆಮೇಲೆ ಜಾಕೆಟ್ಟನ್ನು ಲಿಂಗರಾಜನಿಗೆ ಕೊಟ್ಟೆ. ಎರಡನೆಯದು ಹೋದದ್ದು ರಸ್ತೆಯ ಮೇಲೆ. ಲಾರಿಗಳ ಸಾಲು ಬಂತೆಂದು ರೂಢಿಯಂತೆ ಜಿಗಿದಿಳಿದ, ಕೊಂಡಿ ಬಿಚ್ಚುವುದನ್ನು ಮರೆತ, ಢಂ ಎಂದಿತು. ಕುತ್ತಿಗೆ ಹೊರಳಿಸಲಾಗದೆ ಕುಂಬಳಕಾಯಿಯಂತೆ ಉಬ್ಬಿ ನಿಂತವನನ್ನು ನೋಡಿ ಲಾರಿಯವರೆಲ್ಲ ಹಾರ್ನ್ ಹೊಡೆದು ನಕ್ಕರಂತೆ. ಅವನೂ ನಕ್ಕನಂತೆ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು, ಉಳಿದದ್ದು ಒಂದೇ ಎಂದು. ಖಾಲಿ ಸಿಲಿಂಡರು ಹಿಡಿದು ಹೊಸಪೇಟೆಯ ಸೋಡಾ ಅಂಗಡಿಯ ಜಂಬಯ್ಯನ ಹತ್ತಿರ ಹೋದೆ, ಇದಕ್ಕೆ ಗ್ಯಾಸ್ ತುಂಬಿಕೊಡು ಎಂದು. ಆತ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಇದರಲ್ಲಿ ಯಾರಿಗೆ ಸೋಡಾ ಕುಡಿಸುತ್ತೀರಿ ಎಂದ. ಕಂಪನಿಯ ಖರೀದಿ ವಿಭಾಗಕ್ಕೆ ಅರ್ಜಿ ಹಾಕಿದೆ. ಸಾರಿಗೆ ಇಲಾಖೆ ಒಪ್ಪಿದ ಸುರಕ್ಷತಾ ಸಾಧನಗಳ ಪಟ್ಟಿಯಲ್ಲಿ ಈ ವಸ್ತು ಇಲ್ಲ, ಆದ್ದರಿಂದ ತರಿಸಲು ಬರುವುದಿಲ್ಲ ಎಂದು ಉತ್ತರ ಬಂತು. ತಮಗೂ ಬರೆದೆ. ತಮ್ಮ ಉತ್ತರ ಇನ್ನೂ ದಾರಿಯಲ್ಲಿರಬೇಕು. ಕಾಯುವುದು ಬಿಟ್ಟು ನಾನು ಒಂದು ಉಪಾಯ ಮಾಡಿದೆ: ಜನವರಿಯ ರಸ್ತೆ ಸುರಕ್ಷತಾ ಸಪ್ತಾಹಕ್ಕೆ ತಾವೇ ಮುಖ್ಯ ಅತಿಥಿ, ತಮ್ಮ ಕಣ್ಣ ಮುಂದೆಯೇ ಮೂರನೆಯದನ್ನು ಹಾರಿಸಿ ತೋರಿಸಿದರೆ ಪಟ್ಟಿಗೆ ಸೇರಿಸದೆ ಎಲ್ಲಿ ಹೋಗುತ್ತೀರಿ? ಜೊತೆಗೆ ಪತ್ರಿಕೆಯಲ್ಲಿ ನನ್ನ ಹೆಸರೂ ಬರುತ್ತದೆ. ಅದನ್ನೂ ಬರೆದುಬಿಡುತ್ತೇನೆ, ಇಷ್ಟು ಬರೆದ ಮೇಲೆ ಮುಚ್ಚಿಡುವುದೇನು?

ಸಪ್ತಾಹದ ಮೊದಲ ದಿನ, ಬೆಳಿಗ್ಗೆ ಎಂಟೂವರೆ. ಸಮಾರಂಭ ಹೊಸಪೇಟೆಯಲ್ಲಿ. ಲಿಂಗರಾಜ್ ಸ್ಯಾಂಪಲ್ ಮುಟ್ಟಿಸಿ ಹಾಗೆಯೇ ಜಾಕೆಟ್ಟು ತೊಟ್ಟುಕೊಂಡು ವೇದಿಕೆಗೆ ಬರಬೇಕು. ಗಣಿಯ ಗೇಟಿನಲ್ಲಿ ಅವನು ಬೈಕು ಹತ್ತಿ ಕೊಂಡಿ ಸಿಕ್ಕಿಸುವುದನ್ನು ಕಂಡೆ. ಓಡಿಹೋಗಿ ತಡೆದೆ.

"ಬ್ಯಾಡಲೇ ಲಿಂಗರಾಜ. ಒಂದ ಉಳದೈತಿ. ದಾರ್ಯಾಗ ಮತ್ತ ಇಳದು ಢಂ ಅನಿಸಿದ್ರ ಸಾಹೇಬ್ರ ಮುಂದ ನಾ ಏನ್ ತೋರಸ್ಲಿ? ಹೊಸಪೇಟಿ ಮುಟ್ಟಿದ ಮ್ಯಾಲ ಹಾಕ್ಕೊ."

"ಹಾಕ್ಕೊಂಡ ಹೋಗ್ತೀನ್ರಿ ಸರ್," ಅಂದ. "ಈ ಸಲ ನೆನಪಿಟ್ಟು ಬಿಚ್ಚತೀನಿ."

ನಾನು ಕೇಳಲಿಲ್ಲ. ನನ್ನ ಕೈಯಿಂದಲೇ ಕೊಂಡಿ ತೆಗೆದು, ಬಳ್ಳಿಯನ್ನು ಸುತ್ತಿ ಅವನ ಜಾಕೆಟ್ಟಿನ ಜೇಬಿಗೆ ತುರುಕಿ, ಮೇಲೊಂದು ಗುಂಡಿ ಹಾಕಿದೆ. ಸುರಕ್ಷತೆಗೆಂದು ಸಂಬಳ ಪಡೆಯುವ ಮನುಷ್ಯ ನಾನು. ಒಬ್ಬ ಸವಾರನ ಎದೆಯ ಮೇಲಿದ್ದ ಗಾಳಿಯನ್ನು ಒಬ್ಬ ಅಧಿಕಾರಿಯ ಚಪ್ಪಾಳೆಗಾಗಿ ಮೀಸಲಿಟ್ಟೆ.

ಸಂಡೂರು ದಾಟಿದ ಮೇಲಿನ ಇಳಿಜಾರಿನಲ್ಲಿ ಎದುರಿನಿಂದ ಅದಿರಿನ ಲಾರಿಯೊಂದು ಇನ್ನೊಂದನ್ನು ಹಿಂದೆ ಹಾಕಲು ಪೂರ್ತಿ ಬಲಕ್ಕೆ ಬಂತು. ಲಿಂಗರಾಜನಿಗೆ ಇಳಿದು ನಿಲ್ಲಲು ಸಮಯವೇ ಸಿಗಲಿಲ್ಲ. ಬೈಕಿನ ಹ್ಯಾಂಡಲ್ಲಿಗೆ ಬಡಿದು ಅವನನ್ನು ಕಿರುಸೇತುವೆಯ ಕಲ್ಲಿನ ಮೇಲೆ ಎಸೆಯಿತು. ತಲೆಗೆ ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಐದು ಪಕ್ಕೆಲುಬು ಮುರಿದವು, ಸೊಂಟದ ಮೇಲಿನ ಬೆನ್ನುಮೂಳೆ ಬಿರುಕು ಬಿಟ್ಟಿತು. ಅವನು ಲಾರಿಗಳಿಗೆ ದಾರಿ ಬಿಟ್ಟು ನಿಂತಲ್ಲೆಲ್ಲೋ ಜೀಪಿನಲ್ಲಿ ಮುಂದೆ ಹೋಗಿದ್ದ ನಾನು, ಆ ಹೊತ್ತಿಗೆ ಉಳಿದವರೊಡನೆ ಹೊಸಪೇಟೆಯ ಸಭಾಂಗಣದಲ್ಲಿ ತಮ್ಮ ದಾರಿ ಕಾಯುತ್ತಿದ್ದೆ. ಹತ್ತೂವರೆಯ ಕಾರ್ಯಕ್ರಮಕ್ಕೆ ತಾವು ಬಂದದ್ದು ಹನ್ನೆರಡೂಕಾಲಿಗೆ. ನನಗೆ ಫೋನ್ ಬಂದದ್ದು ಹನ್ನೊಂದಕ್ಕೆ. ತಮ್ಮನ್ನು ಸ್ವಾಗತಿಸಿ, ಹಾರ ಹಾಕಿಸಿ, ಜೀವ ಅಮೂಲ್ಯವೆಂಬ ತಮ್ಮ ಭಾಷಣ ಶುರುವಾದ ಮೇಲೆ ಆಸ್ಪತ್ರೆಗೆ ಹೊರಟೆ. ಒಂದು ಗಂಟೆಗೂ ಹೆಚ್ಚು ಹೊತ್ತು ನಾನು ಅಲ್ಲಿ ಮಾಡಿದ್ದಾದರೂ ಏನು ಎಂದು ಲಿಂಗರಾಜ್ ಇವತ್ತಿಗೂ ಕೇಳಿಲ್ಲ.

ಇದಕ್ಕಿಂತ ನಾಚಿಕೆಗೇಡಿನ ಮಾತು ಮುಂದಿದೆ. ಪ್ರಾತ್ಯಕ್ಷಿಕೆ ತಪ್ಪಿಹೋಯಿತಲ್ಲ, ಸಪ್ತಾಹದ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ ಎಂದು ತಮ್ಮ ಕಚೇರಿಯಿಂದ ಸೂಚನೆ ಬಂತು. ಆಸ್ಪತ್ರೆಯವರು ಬಿಚ್ಚಿ ಕೊಟ್ಟಿದ್ದ ಜಾಕೆಟ್ಟನ್ನು ಮನೆಯ ಬಚ್ಚಲಲ್ಲಿ ನಾನೇ ತೊಳೆದೆ. ನೀರು ಕೆಂಪಗೆ ಹರಿಯಿತು. ಬರೀ ರಸ್ತೆಯ ಧೂಳು ಎಂದು ಹೆಂಡತಿ ಶೈಲಜಾಗೆ ಹೇಳಿದೆ. ಕೊನೆಯ ದಿನ ನಾನೇ ಅದನ್ನು ತೊಟ್ಟು, ವೇದಿಕೆಯ ಮೇಲೆ ನಿಲ್ಲಿಸಿದ್ದ ಬೈಕಿಗೆ ಕೊಂಡಿ ಸಿಕ್ಕಿಸಿ, ಕೆಳಗೆ ಹಾಸಿದ್ದ ಗಾದಿಯ ಮೇಲೆ ಜಿಗಿದೆ. ತಾವು ಚಪ್ಪಾಳೆ ತಟ್ಟಿದಿರಿ. ತಮಗೆ ಹೊರಗಿನಿಂದ ಕಂಡದ್ದು ಅಷ್ಟೇ. ನಾನು ಒಳಗಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಪಕ್ಕೆಗಳನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೆನ್ನಿಗೆ ಹೇಗೆ ಆನಿಕೊಳ್ಳುತ್ತದೆ ಎಂದು ನನ್ನ ಮೈಗೇ ಗೊತ್ತಾಯಿತು. ಲಿಂಗರಾಜನ ಮೂಳೆಗಳು ಮುರಿದ ಜಾಗಗಳೆಲ್ಲ ಅವೇ. ಗಾದಿಯ ಮೇಲೆ ಬಿದ್ದವನು ಏಳಲು ತಡಮಾಡಿದ್ದು ನಾಟಕವೆಂದು ಜನ ನಕ್ಕರು.

ಇನ್ನು ತಮ್ಮ ವರದಿ. ಲಾರಿಯ ಬ್ರೇಕು ಸರಿ, ಲೈಟು ಸರಿ, ಕಾಗದಪತ್ರ ಎಲ್ಲವೂ ಸರಿ. ತಪ್ಪಿದ ವಸ್ತು ಒಂದೇ, ಲಿಂಗರಾಜನ ಕೊಂಡಿ. ತಮ್ಮ ಪಟ್ಟಿಯಲ್ಲಿ ಇಲ್ಲವೆಂದು ತರಿಸಲಾಗದ ಸಾಧನವನ್ನು ಬಳಸಲಿಲ್ಲವೆಂದು ತಪ್ಪು ಹೊರಿಸಲು ಮಾತ್ರ ಹೇಗೆ ಬಂತು? ಆದರೆ ತಮ್ಮನ್ನಷ್ಟೇ ಬೈದರೆ ನಾನು ಕಳ್ಳ. ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಬಂದವರಿಗೆ, ನಾನೇ ಮರೆತೆ ಎಂದು ಲಿಂಗರಾಜ್ ಹೇಳಿದ. ಮಂಚದ ಪಕ್ಕದಲ್ಲಿ ನಾನು ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಸುರಕ್ಷತಾ ನಿಯಮ ಮುರಿದವನೆಂದು ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು, ಆ ನೋಟಿಸಿಗೆ ಸೇಫ್ಟಿ ಆಫೀಸರನ ಸಹಿ ಬೇಕಿತ್ತು, ಹಾಕಿದೆ.

ಈಗ ಅವನು ಹೆಂಡತಿಯ ತವರಾದ ಕಂಪ್ಲಿಯಲ್ಲಿದ್ದಾನೆ, ಕೋಲು ಹಿಡಿದು ಓಡಾಡುತ್ತಾನೆ. ಹೆಂಡತಿ ಗಂಗೋತ್ರಿ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವಲು ಹೋಗುತ್ತಾಳೆ. ಮೇ ತಿಂಗಳಲ್ಲಿ ನೋಡಲು ಹೋದಾಗ ಆಕೆ ಚಹಾ ಕೊಟ್ಟು ನನ್ನನ್ನೇ ಪಂಚಾಯ್ತಿಗೆ ಕರೆದಳು.

"ದಿನಾ ಬಾಗಲ ಕೀಲಿ ಎರಡ ಸಲ ಜಗ್ಗಿ ನೋಡೋ ಮನಿಷ್ಯಾ ಅದಾರ್ರಿ ಇವರು. ಇದನ್ನ ಹೆಂಗ ಮರತ್ರು ಅಂತ ನೀವಾದ್ರೂ ಕೇಳ್ರಿ ಸರ್."

ಲಿಂಗರಾಜ್ ನೆಲ ನೋಡುತ್ತಿದ್ದ. ನಾನು ಚಹಾ ಮುಗಿಸಿದೆ. ಬೇಡವೆಂದರೂ ಬಸ್ ಸ್ಟ್ಯಾಂಡಿನ ತನಕ ಕೋಲೂರಿಕೊಂಡು ಬಂದವನು ದಾರಿಯಲ್ಲಿ ಹೇಳಿದ: "ಆಕಿಗೆ ಹೇಳಬ್ಯಾಡ್ರಿ. ನೀವು ಕಂಪನಿ ಒಳಗಿದ್ರ ಒಂದಿಲ್ಲೊಂದಿನ ನನ್ನ ಮತ್ತ ಕರಕೊಂತೀರಿ. ನೀವೂ ಹೊರಗ ಬಂದ್ರ ನನಗ ಯಾರದಾರ್ರಿ ಸರ್?"

ಅವನನ್ನು ಮರಳಿ ಸೇರಿಸಲು ಕಂಪನಿಯವರ ಹತ್ತಿರ ಮೂರು ಸಲ ಪ್ರಯತ್ನಪಟ್ಟೆ. ಕೂತು ಮಾಡುವ ಕೆಲಸವಾದರೂ ಕೊಡಿ ಎಂದೆ. ಪ್ರತಿ ಸಲವೂ ತಮ್ಮ ವರದಿಯ ನಾಲ್ಕನೆಯ ಸಾಲನ್ನು ನನ್ನ ಮುಂದೆ ಹಿಡಿದರು. ನಾನು ಬಾಯಿ ಮುಚ್ಚಿಕೊಂಡಿದ್ದು ಅವನಿಗಾಗಿ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಕುರ್ಚಿಗಾಗಿ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಆ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: "ಸಾರಿಗೆ ಅಧಿಕಾರಿಗಳ ಮುಂದೆ ಪ್ರದರ್ಶಿಸುವ ಸಲುವಾಗಿ, ಸವಾರನು ಬೇಡವೆಂದರೂ ಕೇಳದೆ, ಗಣಿಯ ಸುರಕ್ಷತಾಧಿಕಾರಿಯು ಕೊಂಡಿಯನ್ನು ಬಿಚ್ಚಿದ್ದನು." ತಮ್ಮ ಹುದ್ದೆಯೂ ಆ ಸಾಲಿನೊಳಗೆ ಬರುತ್ತದೆ, ಬೇರೆ ದಾರಿಯಿಲ್ಲ. ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ತಕರಾರಿಲ್ಲ. ರಾಜೀನಾಮೆ ನಿನ್ನೆಯೇ ಕೊಟ್ಟಾಗಿದೆ.

ಇದನ್ನು ಅಚ್ಚಿಗೆ ಕೊಡುವ ಮೊದಲು, ಇವತ್ತು ಬೆಳಿಗ್ಗೆ ಕಂಪ್ಲಿಗೆ ಹೋಗಿ ಗಂಗೋತ್ರಿಯ ಮುಂದೆ ಓದಿದೆ. ಲಿಂಗರಾಜ್ ನಡುವೆ ತಡೆಯಲು ನೋಡಿದ, ಆಕೆ ಬಿಡಲಿಲ್ಲ. ಪೂರ್ತಿ ಕೇಳಿ, ನನ್ನ ಕಡೆ ತಿರುಗದೆ ಗಂಡನನ್ನು ಕೇಳಿದಳು: "ಹಂಗಂದ್ರ ಒಂಬತ್ತ ತಿಂಗಳು ನಾ ನಿಮ್ಮನ್ನ ಸುಮ್ಮಸುಮ್ನ ಬೈದೆನೇನ್ರಿ?"

ಆಕೆ ಬಹಳ ಹೊತ್ತು ಅತ್ತಳು. ನಾನು ಹೊರಡಲು ಎದ್ದಾಗ, ಸಾಹೇಬರು ಬರೆದದ್ದನ್ನು ಸಾಹೇಬರೇ ಅಳಿಸಿದ ಕಾಗದ ತಂದರೆ ಬನ್ನಿ, ಇಲ್ಲದಿದ್ದರೆ ನಮ್ಮ ಬಾಗಿಲಿಗೆ ಬರಬೇಡಿ ಎಂದಳು. ಆ ಕಾಗದ ಬರೆದುಕೊಡಿ, ಮಾನ್ಯರೇ. ಅಂಚೆಗೆ ಹಾಕುವುದು ಬೇಡ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಇಂತಿ,
ಲಿಂಗರಾಜನಿಗೆ ತಪ್ಪಿತಸ್ಥ,
ಶಂಭುಲಿಂಗ, ಮಲಪನಗುಡಿ
(ನಿನ್ನೆಯವರೆಗೆ ಸೇಫ್ಟಿ ಆಫೀಸರ್)
ಅಕ್ಟೋಬರ್ 2009