ನಕ್ಷೆಯಲ್ಲಿಲ್ಲದ ಸೈಡಿಂಗ್

ಮಾರ್ಚ್ 3, ಸೋಮವಾರ

7.52ರ ಲೋಕಲ್. ಇವತ್ತು ಸಿಕ್ಕಿದ್ದು — ಮುರಿದ ಪ್ಲಾಟ್‌ಫಾರಂ ಅಂಚು. ಉಗಿ ಇಂಜಿನ್ನಿಗೆ ನೀರು ತುಂಬುತ್ತಿದ್ದ ಕಂಬ, ಈಗ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ. ಹನ್ನೆರಡು ಮೀಟರ್ ಹಳಿ, ಒಂದು ಗ್ಯಾರೇಜಿನ ಗೋಡೆಯೊಳಕ್ಕೆ ಹೋಗಿ ಮಾಯ. ಎಲ್ಲಕ್ಕೂ ನಂಬರ್, ಫೋಟೊ, ಫಾರಂ. ಮೂರನೇ ಲೈನು ಹಾಕುವ ಮೊದಲು ಹಳೆಯದೇನೇನು ಬಿದ್ದಿದೆ ಅಂತ ಪಟ್ಟಿ ಬೇಕಂತೆ. ಇಡೀ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಸಿಕ್ಕವಳು ನಾನೇ. ರಿಟೈರ್ ಆಗಲು ಹದಿನಾಲ್ಕು ತಿಂಗಳಿರುವವಳು.

ಮಂಡಿಗಳು ಕೈಕೊಟ್ಟಿವೆ. ಬರೆದ ಮೇಲೆ ನಗು ಬಂತು.

ಜೊತೆಗೆ ಗ್ಯಾಂಗ್‌ಮನ್. ನನ್ನದೇ ವಯಸ್ಸು. ಕುಡುಗೋಲು ಹಿಡಿದು ಪೊದೆ ಸವರುತ್ತ ಮುಂದೆ ಹೋಗುತ್ತಾನೆ. "ಮೇಡಂ, ನೀವು ಕೂತ್ಕೊಳ್ಳಿ, ಟೇಪ್ ನಾನು ಹಿಡೀತೀನಿ." ಕೂತೆ. ನಾಚಿಕೆಯೂ ಆಗಲಿಲ್ಲ.

ಮಾರ್ಚ್ 6, ಸಂಜೆ

ನಾಳೆ ಹದಿನಾಲ್ಕನೇ ಕಿಲೋಮೀಟರ್. ಅಣ್ಣ ಪಾಯಿಂಟ್ಸ್‌ಮನ್ ಆಗಿದ್ದಾಗ ಕೂತು ಹಳಿ ತಿರುಗಿಸುತ್ತಿದ್ದ ಕ್ಯಾಬಿನ್ ಇದ್ದ ಜಾಗ. ರಜೆ ಹಾಕಿಬಿಡಲೇ...

ಮಾರ್ಚ್ 7, ಶುಕ್ರವಾರ

ರಜೆ ಹಾಕಲಿಲ್ಲ.

ಇದೆ. ಸೈಡಿಂಗ್, ಮುಖ್ಯ ಲೈನಿನಿಂದ ಪಕ್ಕಕ್ಕೆ ಕವಲೊಡೆಯುವ ಆ ಮೋಟು ಹಳಿ, ಹಳೇ ಇಂಜಿನ್ ಬೂದಿಯ ಕೆಳಗೆ ಇದೆ. ಗ್ಯಾಂಗ್‌ಮನ್ ಸಲಿಕೆ ಊರಿದ ಕಡೆಯೆಲ್ಲ ಠಣ್ ಅಂತು. ಮೂವತ್ತೆಂಟು ಮೀಟರ್. ಕ್ಯಾಬಿನ್ ಕಡೆಗೆ ಹೋಗುವ ಕಬ್ಬಿಣದ ಸರಳೂ ಇದೆ, ಲಿವರಿನಿಂದ ಹಳಿ ತಿರುಗಿಸುವುದು. ತುಕ್ಕು ಹಿಡಿದು ಕಲ್ಲಾಗಿದೆ.

ಮೂವತ್ತೊಂದು ವರ್ಷ ಎಲ್ಲೂ ಬರೆಯದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸಿದ್ದ ಎರಡು ವ್ಯಾಗನ್ ತಾವಾಗಿ ಉರುಳಿ ಬಂದವು. ಮುಂದೆ ಸ್ಟೇಷನ್ನಿನಲ್ಲಿ ಲೋಕಲ್ ನಿಂತಿತ್ತು. ಅಣ್ಣ ಲಿವರ್ ಎಳೆದು ಅವನ್ನು ಸೈಡಿಂಗಿಗೆ ತಿರುಗಿಸಿದ. ಹಳಿ ಅರ್ಧ ತಿರುಗಿ ಕಚ್ಚಿಕೊಂಡಿತು. ವ್ಯಾಗನ್‌ಗಳು ಅಲ್ಲೇ ಮಗುಚಿದವು. ಲೋಕಲ್ ಉಳಿಯಿತು. ದಾರಿ ಬದಿ ಕೆಲಸ ಮಾಡುತ್ತಿದ್ದವನೊಬ್ಬ ಸತ್ತ.

ವಿಚಾರಣೆಯಲ್ಲಿ ಹೇಳಿದರು — ಅಲ್ಲಿ ಸೈಡಿಂಗೇ ಇಲ್ಲ, ಎರಡು ವರ್ಷದ ಹಿಂದೆಯೇ ಕಿತ್ತಾಗಿದೆ, ನೀನು ಏನನ್ನು ಎಲ್ಲಿಗೆ ತಿರುಗಿಸಿದೆ? ನೀನು ನಿದ್ದೆ ಮಾಡ್ತಿದ್ದೆ, ಗಾಬರಿಯಲ್ಲಿ ತಪ್ಪು ಲಿವರ್ ಎಳೆದೆ ಅಂದರು. ಕಿತ್ತಿದ್ದು ಕಾಗದದಲ್ಲಿ ಮಾತ್ರ. ಆ ಕಾಗದ ನೋಡಿ ಎಣ್ಣೆ, ರಿಪೇರಿ ಎಲ್ಲ ನಿಲ್ಲಿಸಿದ್ದರು.

ವಿಚಾರಣೆಗೆ ನಕ್ಷೆ ಬರೆದವಳು ನಾನು. ಕೆಲಸಕ್ಕೆ ಸೇರಿ ಮೂರು ತಿಂಗಳು. "ಸೈಡಿಂಗ್ ಬಿಟ್ಟುಬಿಡಮ್ಮ, ಅದು ಈಗಿಲ್ಲ" ಅಂದರು ಆಗಿನ ಸಾಹೇಬರು. ಬಿಟ್ಟೆ. ನಾಲ್ಕು ಸ್ಟೇಷನ್ ದೂರ. ಹೋಗಿ ನೋಡಬಹುದಿತ್ತು.

ಅಣ್ಣನನ್ನು ಪಾರ್ಸೆಲ್ ಶೆಡ್ಡಿಗೆ ಹಾಕಿದರು. ರಿಟೈರ್ ಆಗುವವರೆಗೂ ಮೂಟೆ ಎಣಿಸಿದ.

ಮಾರ್ಚ್ 9, ಭಾನುವಾರ

ಅಣ್ಣನಿಗೆ ಫೋನ್ ಮಾಡಿದೆ. ಹಾಗೆ ಮಾಡುವವರಲ್ಲ ನಾವು. ಮದುವೆ, ಸಾವು, ಅಷ್ಟೆ. ಸೈಡಿಂಗ್ ಸಿಕ್ಕಿದೆ ಅಂದೆ.

"ಎಷ್ಟು ಉದ್ದ ಸಿಕ್ತು?" ಅಂದ.

"ಮೂವತ್ತೆಂಟು."

"ಎಪ್ಪತ್ತಿತ್ತು. ಆ ಕಡೆ ಇನ್ನೂ ಅಗೀಬೇಕು."

"ಅಣ್ಣ, ನಾನು ಆವತ್ತು—"

"ಬಿಡು ಪುಟ್ಟಿ. ಅವತ್ತು ನಿನಗೂ ಹೊಟ್ಟೆಪಾಡು." ಮಾತು ತಿರುಗಿಸಿದ. "ಮಂಡಿ ಹೇಗಿದೆ?"

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 12

ಸಾಹೇಬರು ಕರೆದರು. ಈಗಿನವರು, ಮಗನ ವಯಸ್ಸು. ಪಟ್ಟಿಯ ಇಪ್ಪತ್ತಮೂರನೇ ಸಾಲಿನ, ಅಂದರೆ ಸೈಡಿಂಗಿನ ಸಾಲಿನ, ಮೇಲೆ ಬೆರಳಿಟ್ಟು ಕೂತಿದ್ದರು.

"ಮೇಡಂ, ಇದು ಯಾವ ನಕ್ಷೆಯಲ್ಲೂ ಇಲ್ವಲ್ಲ?"

"ನೆಲದಲ್ಲಿದೆ ಸರ್."

"ಹಳೇ ಕೇಸ್ ಒಂದಿದೆಯಂತೆ ಇದರ ಮೇಲೆ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ತೀರಾ? ಆ ಕೇಸಿನ ನಕ್ಷೆ ಮೇಲಿರೋದು ನಿಮ್ಮದೇ ಸಹಿ. ರಿಟೈರ್‌ಮೆಂಟ್ ಹತ್ತಿರ ಇರೋರು..."

ಬೆದರಿಕೆ ಅಲ್ಲ. ನಿಜಕ್ಕೂ ನನ್ನ ಒಳ್ಳೆಯದಕ್ಕೇ ಹೇಳಿದರು. ಯೋಚಿಸ್ತೀನಿ ಅಂತ ಬಂದೆ. ಸುಸ್ತು.

ಮಾರ್ಚ್ 17, ಸೋಮವಾರ

ಐದು ದಿನ ಏನೂ ಬರೆದಿಲ್ಲ. ಬರೆಯಲು ಧೈರ್ಯವಿರಲಿಲ್ಲ ಅನ್ನುವುದು ಸರಿ.

ಇವತ್ತು ಪಟ್ಟಿ ಕೊಟ್ಟೆ. ಸಾಲು ತೆಗೆಯಲಿಲ್ಲ. ಜೊತೆಗೆ ಒಂದು ಪುಟ ನನ್ನ ಕೈಬರಹದಲ್ಲಿ — ಆ ನಕ್ಷೆ ತಪ್ಪು, ಸ್ಥಳ ನೋಡದೆ ಬರೆದೆ, ಸೈಡಿಂಗ್ ಇತ್ತು, ಪಾಯಿಂಟ್ಸ್‌ಮನ್ ಹೇಳಿದ್ದು ನಿಜ. ಗ್ಯಾಂಗ್‌ಮನ್ ತಾನೂ ಸಾಕ್ಷಿ ಅಂತ ಸಹಿ ಹಾಕಿದ. "ನಂಗೇನು ಮೇಡಂ, ಕಬ್ಬಿಣ ನನ್ನ ಸಲಿಕೆಗೇ ಹೊಡೀತು."

ಸಾಹೇಬರು ಓದಿ ಸೀಲ್ ಹಾಕಿ ನಕಲು ಕೊಟ್ಟರು. ನಾನು ಬಾಗಿಲು ದಾಟುವಾಗ ಎದ್ದು ನಿಂತಿದ್ದರು.

ಮಾರ್ಚ್ 30, ಭಾನುವಾರ, ಬೆಳಿಗ್ಗೆ 11

ಮೇಲಿನಿಂದ ಏನೂ ಬಂದಿಲ್ಲ. ಬರುವುದೂ ಇಲ್ಲ ಅನ್ನಿಸುತ್ತೆ. ಹದಿನಾಲ್ಕನೇ ಕಿಲೋಮೀಟರಿಗೆ ಜೆಸಿಬಿ ಬಂದಿದೆ.

ಅಣ್ಣನ ಮನೆಯಲ್ಲಿದ್ದೇನೆ, ಹೊರಗಿನ ಕೋಣೆಯಲ್ಲಿ. ನಕಲು ಕೊಟ್ಟೆ. ಕನ್ನಡಕ ಹಾಕಿ ನಿಧಾನವಾಗಿ ಓದಿದ. ಮಡಿಸಿ ನನ್ನ ಕೈಗೇ ವಾಪಸ್ಸಿಟ್ಟ.

"ನಿಮ್ಮ ಅತ್ತಿಗೆಗೆ ಕೊಡು. ಆಫೀಸ್ ನಂಬದೇ ಇದ್ದದ್ದು ಹೋಗ್ಲಿ. ಇವಳೂ ನಾನು ನಿದ್ದೆ ಹೋಗಿದ್ದೆ ಅಂತಲೇ ತಿಳ್ಕೊಂಡಿದಾಳೆ."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿರಲಿಲ್ಲ. ಅವನು ಎದ್ದು ಹಿತ್ತಲಿಗೆ ಹೋದ.

ಅತ್ತಿಗೆ ಕೈ ಒರೆಸಿಕೊಂಡು ಓದಿದರು. ಎರಡು ಸಲ. ಆಮೇಲೆ ಕೂತರು.

"ಡ್ಯೂಟಿಗೆ ಹೊರಟಾಗೆಲ್ಲ ಹೇಳಿ ಕಳಿಸ್ತಿದ್ದೆ ಕಣೇ — ಶೆಡ್ಡಲ್ಲಾದ್ರೂ ಎಚ್ಚರವಾಗಿರಿ, ಅಂತ. ದಿನಾ. ಇವರು ಹ್ಞೂಂ ಅನ್ನೋರು." ಕಾಗದ ಹಿಡಿದುಕೊಂಡೇ ಹಿತ್ತಲಿಗೆ ನಡೆದರು.

ಹತ್ತು ನಿಮಿಷವಾಯಿತು. ಎದ್ದು ಹೋಗಿಬಿಡಲೇ? ಚಪ್ಪಲಿ ಮೆಟ್ಟಿಕೊಂಡೂ ಆಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತಿರುವುದು ಕಿಟಕಿಯಿಂದ ಕಾಣುತ್ತಿದೆ. ಅತ್ತಿಗೆ ಏನೋ ಕೇಳುತ್ತಿದ್ದಾರೆ. ಅಣ್ಣ ಕೈ ಎತ್ತಿ ತೋರಿಸುತ್ತಿದ್ದಾನೆ — ಇಳಿಜಾರು ಇಲ್ಲಿ, ವ್ಯಾಗನ್ ಇಲ್ಲಿ, ಲಿವರ್ ಇಲ್ಲಿ.